ಆನ್‌ಲೈನ್ ಕ್ಲಾಸೋ, ತರಗತಿಗೆ ಹೋಗುವುದೋ: ಸೇರುವ ಮೊದಲು ಅಳೆದು ನೋಡುವ ಕ್ರಮ

ಆನ್‌ಲೈನ್ ಕಲಿಕೆ ಒಳ್ಳೆಯದೋ, ತರಗತಿಯಲ್ಲಿ ಕೂತು ಕಲಿಯುವುದು ಒಳ್ಳೆಯದೋ ಎಂದು ಒಟ್ಟಾರೆಯಾಗಿ ಕೇಳಿದರೆ ಪ್ರಯೋಜನಕ್ಕೆ ಬರುವ ಉತ್ತರ ಸಿಗುವುದಿಲ್ಲ. ಕಲಿಕೆ ಒಂದೇ ಕೆಲಸವಲ್ಲ. ವಿವರಣೆ ಕೇಳುವುದು ಒಂದು, ಬರೆದು ಬಿಡಿಸಿ ಅಭ್ಯಾಸ ಮಾಡುವುದು ಇನ್ನೊಂದು, ತಪ್ಪು ತಿದ್ದಿಸಿಕೊಳ್ಳುವುದು ಮತ್ತೊಂದು. ಕೈಯಾರೆ ಮಾಡಿ ರೂಢಿಸಿಕೊಳ್ಳುವುದು, ತಿಂಗಳುಗಟ್ಟಲೆ ಬಿಡದೆ ಮುಂದುವರಿಯುವುದು ಬೇರೆಯೇ. ವಿವರಣೆ ಕೇಳುವುದಕ್ಕೆ ಪರದೆ ಚೆನ್ನಾಗಿ ಒದಗುತ್ತದೆ. ಎಷ್ಟೋ ಸಲ ತರಗತಿಗಿಂತ ಚೆನ್ನಾಗಿಯೇ, ಏಕೆಂದರೆ ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಮತ್ತೆ ಕೇಳಬಹುದು. ಉಳಿದ ಕೆಲಸಗಳಲ್ಲಿ ವ್ಯತ್ಯಾಸ ಶುರುವಾಗುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ತೂಕದ್ದು ಈ ಪ್ರಶ್ನೆ: ನೀವು ತಪ್ಪು ಮಾಡಿದಾಗ ಅದು ಯಾರ ಕಣ್ಣಿಗೆ ಬೀಳುತ್ತದೆ, ಎಷ್ಟು ಬೇಗ ಬೀಳುತ್ತದೆ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ವಿಷಯವನ್ನು ಕೆಲಸಗಳಾಗಿ ಬಿಡಿಸಿ

ಕೋರ್ಸಿನ ಪಠ್ಯಕ್ರಮವನ್ನು ಮುಂದಿಟ್ಟುಕೊಂಡು ಪ್ರತಿ ಪಾಠದ ಎದುರು ನಾಲ್ಕರಲ್ಲಿ ಒಂದು ಗುರುತು ಹಾಕಿ: ಕೇಳಿ ತಿಳಿಯುವುದು, ಬರೆದು ಬಿಡಿಸುವುದು, ಮಾತಾಡಿ ಕಲಿಯುವುದು, ಕೈಯಿಂದ ಮಾಡುವುದು. ಅರ್ಧ ಗಂಟೆಯ ಕೆಲಸ. ಕೋರ್ಸಿನ ಹೆಸರಿಗಿಂತ ಈ ಗುರುತುಗಳು ಹೆಚ್ಚು ಹೇಳುತ್ತವೆ.

ಪ್ರೋಗ್ರಾಮಿಂಗ್ ಆನ್‌ಲೈನ್‌ಗೆ ಸಹಜವಾಗಿ ಒಗ್ಗುತ್ತದೆ. ಬರೆದ ಕೋಡ್ ತಪ್ಪಿದ್ದರೆ ಕಂಪ್ಯೂಟರೇ ಕೆಲವು ಸೆಕೆಂಡುಗಳಲ್ಲಿ ಹೇಳುತ್ತದೆ, ಶಿಕ್ಷಕರಿಗಾಗಿ ಕಾಯಬೇಕಿಲ್ಲ. ಗಣಿತ ಹಾಗಲ್ಲ. ಕೊನೆಯ ಉತ್ತರ ತಪ್ಪು ಎಂದು ಆ್ಯಪ್ ಹೇಳಬಹುದು, ಆದರೆ ಐದನೇ ಸಾಲಿನಲ್ಲಿ ಚಿಹ್ನೆ ಬದಲಾಗಿದ್ದು ಅಜಾಗರೂಕತೆಯಿಂದಲೋ, ನಿಯಮವೇ ಗೊತ್ತಿಲ್ಲದ್ದರಿಂದಲೋ ಎಂಬುದನ್ನು ಹಾಳೆ ನೋಡಿದವರೇ ಹೇಳಬೇಕು. ಹೊಸ ಭಾಷೆ ಕಲಿಯುವವರು ವ್ಯಾಕರಣ ಮತ್ತು ಶಬ್ದಸಂಪತ್ತನ್ನು ರೆಕಾರ್ಡ್ ಮಾಡಿದ ಪಾಠಗಳಿಂದ ಕಲಿಯಬಹುದು. ಉಚ್ಚಾರಣೆಗೂ ಸಂಭಾಷಣೆಗೂ ಎದುರಿಗೆ ಒಬ್ಬರು ಬೇಕು. ಅವರು ವಿಡಿಯೊ ಕರೆಯಲ್ಲಿದ್ದರೂ ನಡೆಯುತ್ತದೆ, ಆದರೆ ಒಂದೇ ಕರೆಯಲ್ಲಿ ಮೂವತ್ತು ಜನ ಇರಬಾರದು.

ಸಂಗೀತ ವಾದ್ಯದ ವಿಚಾರ ಸ್ವಲ್ಪ ವಿವರವಾಗಿ ನೋಡಬೇಕು, ಬಹಳ ಜನ ಎಡವುವುದು ಇಲ್ಲೇ. ಇಬ್ಬರು ಒಟ್ಟಿಗೆ ಲಯ ಬಿಡದೆ ನುಡಿಸಬೇಕಾದರೆ ಧ್ವನಿಯ ವಿಳಂಬ ಸುಮಾರು 25ರಿಂದ 30 ಮಿಲಿಸೆಕೆಂಡ್ ಒಳಗಿರಬೇಕು. ಸಾಮಾನ್ಯ ವಿಡಿಯೊ ಕರೆಯಲ್ಲಿ ವಿಳಂಬ ಇದರ ಎಷ್ಟೋ ಪಟ್ಟು ಇರುತ್ತದೆ. ಆದ್ದರಿಂದ ಗುರುವೂ ಶಿಷ್ಯರೂ ಕೂಡಿ ನುಡಿಸುವ ಅಭ್ಯಾಸ ಆನ್‌ಲೈನ್‌ನಲ್ಲಿ ಆಗುವುದಿಲ್ಲ. ಒಬ್ಬರು ನುಡಿಸಿ, ಇನ್ನೊಬ್ಬರು ಕೇಳಿ ತಿದ್ದುವ ಕ್ರಮ ಮಾತ್ರ ಸಾಧ್ಯ. ಇದರ ಮೇಲೆ ಕರೆಯ ತಂತ್ರಾಂಶ ಗದ್ದಲ ಕಡಿಮೆ ಮಾಡಲು ಹೋಗಿ, ಒಂದೇ ಸಮನೆ ನಿಲ್ಲುವ ಸ್ವರವನ್ನೂ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತದೆ. ವಾದ್ಯದ ಪಾಠಕ್ಕೆ ಮೊದಲು ಆಡಿಯೊ ಸೆಟ್ಟಿಂಗ್‌ನಲ್ಲಿ ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ, ಮೂಲ ಧ್ವನಿಯನ್ನೇ ಕಳಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಿ.

ಪ್ರಯೋಗಾಲಯ, ವೆಲ್ಡಿಂಗ್, ಹೊಲಿಗೆ, ವಾಹನ ಚಾಲನೆ, ಶುಶ್ರೂಷೆಯಂಥ ವಿಷಯಗಳಲ್ಲಿ ಕೈ ಕಲಿಯಬೇಕು. ಪರದೆಯ ಮೇಲಿನ ಪ್ರಯೋಗ ನಿಷ್ಪ್ರಯೋಜಕವೇನಲ್ಲ. ಟೈಟ್ರೇಷನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗ) ಮಾಡುವ ಮೊದಲು ಅದರ ಕ್ರಮವನ್ನು ಪರದೆಯಲ್ಲಿ ಎರಡು ಸಲ ಮಾಡಿ ನೋಡಿದವರು ಲ್ಯಾಬ್‌ನಲ್ಲಿ ತಡವರಿಸುವುದಿಲ್ಲ. ಆದರೆ ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯ ತಿರುಪನ್ನು ಹನಿ ಹನಿಯಾಗಿ ಬಿಡುವಷ್ಟು ತಿರುಗಿಸುವುದನ್ನು, ದ್ರವದ ಮಟ್ಟಕ್ಕೆ ಕಣ್ಣು ತಂದು ಅಂಕಿ ಓದುವುದನ್ನು ಮೌಸ್ ಹಿಡಿದು ಕಲಿಯಲಾಗದು. ಪಠ್ಯಕ್ರಮದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಂಥದ್ದೇ ಇದ್ದರೆ ಪೂರ್ತಿ ಆನ್‌ಲೈನ್ ಕೋರ್ಸಿಗೆ ಸೇರಬೇಡಿ. ತತ್ವದ ಭಾಗ ಆನ್‌ಲೈನ್, ಕೈಕೆಲಸ ಸ್ಥಳದಲ್ಲಿ ಎಂಬ ವ್ಯವಸ್ಥೆ ಇರುವ ಕಡೆ ಹುಡುಕಿ.

ಹಂತ 2: ತಪ್ಪು ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳಿ

ಒಳ್ಳೆಯ ತರಗತಿಯ ನಿಜವಾದ ಬಲ ಕಪ್ಪುಹಲಗೆಯ ಹತ್ತಿರ ಇಲ್ಲ. ಮಕ್ಕಳು ಲೆಕ್ಕ ಬಿಡಿಸುತ್ತಿರುವಾಗ ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತಾರಲ್ಲ, ಅಲ್ಲಿದೆ. ಅರ್ಧ ಬರೆದ ಸಾಲು ಅವರಿಗೆ ಕಾಣುತ್ತದೆ. ಪೆನ್ನು ನಿಂತ ಜಾಗ ಕಾಣುತ್ತದೆ. ಕೇಳಲು ಹಿಂಜರಿಯುವ ವಿದ್ಯಾರ್ಥಿಯ ಮುಖವೂ ಕಾಣುತ್ತದೆ. ತಪ್ಪು ಹುಟ್ಟಿದ ನಿಮಿಷದಲ್ಲೇ ತಿದ್ದುಪಡಿ ಸಿಗುತ್ತದೆ. ಆನ್‌ಲೈನ್‌ನಲ್ಲಿ ಇದನ್ನು ತರಲು ಪ್ರತ್ಯೇಕ ವ್ಯವಸ್ಥೆ ಮಾಡಬೇಕು. ಮಾಡದಿದ್ದರೆ ಅದು ತಾನಾಗಿ ಆಗುವುದಿಲ್ಲ.

ಆದರೆ ತರಗತಿ ಎಂಬ ಹೆಸರಿದ್ದ ಮಾತ್ರಕ್ಕೆ ಈ ಬಲ ಬರುವುದಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನೂರಿಪ್ಪತ್ತು ಜನರ ಹಾಲ್‌ನಲ್ಲಿ ಹನ್ನೆರಡನೇ ಸಾಲಿನಲ್ಲಿ ಕೂತವರಿಗೆ ಸಿಗುವುದು ಹಿಂದಕ್ಕೆ ತಿರುಗಿಸಲಾಗದ ವಿಡಿಯೊ ಮಾತ್ರ. ಅದಕ್ಕಿಂತ ಎಂಟು ಜನರ ಲೈವ್ ಆನ್‌ಲೈನ್ ಬ್ಯಾಚ್ ಎಷ್ಟೋ ಮೇಲು.

ಸೇರುವ ಮೊದಲು ಸಂಸ್ಥೆಯವರನ್ನು ಇವಿಷ್ಟು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ಪಾಠ ಲೈವ್ ಆಗಿ ನಡೆಯುತ್ತದೋ, ಮೊದಲೇ ರೆಕಾರ್ಡ್ ಆದದ್ದೋ? ಒಪ್ಪಿಸಿದ ಅಸೈನ್‌ಮೆಂಟ್ ಎಷ್ಟು ದಿನಕ್ಕೆ ತಿದ್ದಿ ಬರುತ್ತದೆ, ಅದರಲ್ಲಿ ಅಂಕ ಮಾತ್ರ ಇರುತ್ತದೋ, ತಪ್ಪು ಎಲ್ಲಿ ಎಂದು ಗುರುತು ಹಾಕಿರುತ್ತಾರೋ? ಸಂದೇಹ ಕೇಳಿದರೆ ಉತ್ತರಿಸುವವರು ಪಾಠ ಮಾಡುವ ಶಿಕ್ಷಕರೋ, ಸಹಾಯಕರೋ? ತಿದ್ದಿದ ಹಳೆಯ ಉತ್ತರ ಪತ್ರಿಕೆಯೊಂದನ್ನು ಹೆಸರು ಮರೆಮಾಡಿ ತೋರಿಸಲು ಹೇಳಿ. ಚೆನ್ನಾಗಿ ತಿದ್ದುವವರು ಸಂತೋಷದಿಂದ ತೋರಿಸುತ್ತಾರೆ.

ಇಲ್ಲಿ ಹಿಡಿಯಬೇಕಾದ ಅಳತೆ ಸರಳವಾದದ್ದು: ಈ ಪಾಠದ ಮೇಲೆ ನಿಲ್ಲುವ ಮುಂದಿನ ಪಾಠ ಶುರುವಾಗುವ ಮೊದಲು ತಿದ್ದುಪಡಿ ಕೈಸೇರಬೇಕು. ವಾರಕ್ಕೆ ಎರಡು ಪಾಠ ನಡೆಯುವ ಕೋರ್ಸಿನಲ್ಲಿ ಅದು ಸುಮಾರು ಮೂರು ದಿನ. ಹತ್ತು ದಿನಕ್ಕೆ ತಿದ್ದಿ ಬಂದರೆ ಅಷ್ಟರಲ್ಲಿ ವಿದ್ಯಾರ್ಥಿ ಮೂರು ಪಾಠಗಳನ್ನು ತಪ್ಪು ವಿಧಾನದ ಮೇಲೆ ಕಟ್ಟಿರುತ್ತಾನೆ. ಅಭ್ಯಾಸ ಮಾಡಿದಷ್ಟೂ ತಪ್ಪೇ ಗಟ್ಟಿಯಾಗುತ್ತದೆ. ಶ್ರಮಪಟ್ಟು ಓದುವವರಿಗೇ ಇದರ ನಷ್ಟ ಹೆಚ್ಚು.

ಹಂತ 3: ಅಧ್ಯಯನಗಳು ಏನು ಹೇಳುತ್ತವೆ ಎಂದು ಸರಿಯಾಗಿ ಓದಿಕೊಳ್ಳಿ

ಎರಡೂ ಕಡೆಯ ಜಾಹೀರಾತುಗಳು ಸಂಶೋಧನೆಯ ಹೆಸರು ಹೇಳುತ್ತವೆ. ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಪ್ರಕಟಿಸಿದ ಸಮೀಕ್ಷಾ ವರದಿ ಆನ್‌ಲೈನ್ ಕಲಿತವರ ಫಲಿತಾಂಶ ಸರಾಸರಿ ಸ್ವಲ್ಪ ಮೇಲಿತ್ತು, ಎರಡನ್ನೂ ಬೆರೆಸಿ ಕಲಿತವರದ್ದು ಇನ್ನೂ ಚೆನ್ನಾಗಿತ್ತು ಎಂದಿತು. ಜಾಹೀರಾತುಗಳು ಇಲ್ಲಿಗೆ ನಿಲ್ಲಿಸುತ್ತವೆ. ಬೆರೆಸಿದ ಕೋರ್ಸುಗಳಲ್ಲಿ ಹೆಚ್ಚಿನ ಕಲಿಕಾ ಸಮಯವೂ ಹೆಚ್ಚಿನ ಸಾಮಗ್ರಿಯೂ ಸೇರಿದ್ದವು, ಲಾಭಕ್ಕೆ ಮಾಧ್ಯಮವೊಂದನ್ನೇ ಕಾರಣ ಎನ್ನಲಾಗದು ಎಂದು ಅದೇ ವರದಿ ಎಚ್ಚರಿಸಿತ್ತು.

2017ರಲ್ಲಿ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯವೊಂದರ ದಾಖಲೆಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನ ಇದಕ್ಕಿಂತ ಹತ್ತಿರದ ಹೋಲಿಕೆ. ಒಂದೇ ಕೋರ್ಸನ್ನು ಆನ್‌ಲೈನ್‌ನಲ್ಲಿ ತೆಗೆದುಕೊಂಡವರ ಗ್ರೇಡ್ ತರಗತಿಯಲ್ಲಿ ಕಲಿತವರಿಗಿಂತ 4ರ ಮಾಪನದಲ್ಲಿ 0.44ರಷ್ಟು ಕಡಿಮೆ ಬಂತು. ಮೊದಲೇ ಹಿಂದುಳಿದಿದ್ದ ವಿದ್ಯಾರ್ಥಿಗಳಿಗೆ ಹೊಡೆತ ಹೆಚ್ಚು ಬಿತ್ತು. ವಿಷಯದಲ್ಲಿ ಈಗಾಗಲೇ ದುರ್ಬಲರಾಗಿರುವವರು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಿಮಗೆ ಕಷ್ಟವಾದ ವಿಷಯವನ್ನು ತರಗತಿಯಲ್ಲಿ ಕಲಿಯಿರಿ, ಸುಲಭವಾದದ್ದನ್ನು ಆನ್‌ಲೈನ್‌ಗೆ ಬಿಡಿ. ಬಹುತೇಕರು ಇದಕ್ಕೆ ತಿರುಗುಮುರುಗು ಮಾಡುತ್ತಾರೆ: ಗಣಿತ ಕಷ್ಟವೆಂದು ರೆಕಾರ್ಡ್ ಪಾಠ ಕೊಳ್ಳುತ್ತಾರೆ, ಎಷ್ಟು ಸಲ ಬೇಕಾದರೂ ನೋಡಬಹುದಲ್ಲ ಎಂಬ ಧೈರ್ಯದಿಂದ. ನೋಡುವುದರಿಂದ ಬರುವ ವಿಷಯ ಅದಾಗಿದ್ದರೆ ಕಷ್ಟವೇ ಆಗುತ್ತಿರಲಿಲ್ಲ.

ಮುಗಿಸುವವರ ಪ್ರಮಾಣವೂ ಗೊತ್ತಿರಲಿ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳ ಮುಕ್ತ ಆನ್‌ಲೈನ್ ಕೋರ್ಸುಗಳ ಅಂಕಿಅಂಶ 2019ರಲ್ಲಿ ಪ್ರಕಟವಾದಾಗ, 2017-18ರಲ್ಲಿ ಸೇರಿದವರಲ್ಲಿ ಕೋರ್ಸ್ ಮುಗಿಸಿದವರು ಶೇ 3.13 ಮಾತ್ರ. ಹಣ ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಮುಗಿಸಿದವರು ಶೇ 46. ಉಚಿತವಾಗಿ ಸೇರಿದವರಲ್ಲಿ ಎಷ್ಟೋ ಜನರಿಗೆ ಮುಗಿಸುವ ಉದ್ದೇಶವೇ ಇರಲಿಲ್ಲ, ನಿಜ. ಆದರೂ ಹಣ ಕಟ್ಟಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಬಿಟ್ಟರು.

ಹಂತ 4: ಗಂಟೆಗಳ ಲೆಕ್ಕ ಹಾಕಿ

ವಾರಕ್ಕೆ ಮೂರು ದಿನ ಒಂದು ಗಂಟೆಯ ತರಗತಿ, ಹೋಗಲು 40 ನಿಮಿಷ, ಬರಲು 40 ನಿಮಿಷ ಎಂದಿಟ್ಟುಕೊಳ್ಳಿ. ಪಾಠ 3 ಗಂಟೆ, ಓಡಾಟ 4 ಗಂಟೆ, ಒಟ್ಟು 7. ಆನ್‌ಲೈನ್‌ನಲ್ಲಿ ಆ 4 ಗಂಟೆ ಉಳಿಯಿತು ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಅದು ಪೂರ್ತಿ ಉಳಿಯುವುದಿಲ್ಲ. ಒಂದು ಗಂಟೆಯ ರೆಕಾರ್ಡ್ ಪಾಠವನ್ನು ನಿಲ್ಲಿಸಿ, ಬರೆದುಕೊಂಡು, ಉದಾಹರಣೆಯನ್ನು ತಾನೇ ಬಿಡಿಸಿ ನೋಡಿದರೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಅಲ್ಲಿಗೆ 3 ಗಂಟೆಯ ಪಾಠ 5 ಗಂಟೆಯಾಯಿತು. ಇದಕ್ಕೆ ಅಭ್ಯಾಸದ ಸಮಯವನ್ನು ಎರಡೂ ಕಡೆ ಸೇರಿಸಿ. ಪಾಠದ ಪ್ರತಿ ಗಂಟೆಗೆ ಕಡೇ ಪಕ್ಷ ಒಂದು ಗಂಟೆ, ಲೆಕ್ಕದ ವಿಷಯವಾದರೆ ಎರಡು.

ಉಳಿದ ಓಡಾಟದ ಸಮಯ ತಾನಾಗಿ ಓದಿನ ಸಮಯ ಆಗುವುದಿಲ್ಲ, ಮನೆಯ ಉಳಿದ ಕೆಲಸಗಳು ಅದನ್ನು ನುಂಗುತ್ತವೆ. ಆದ್ದರಿಂದ ವಾರದ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ಬರೆದಿಟ್ಟು, ಆ ಹೊತ್ತಿನಲ್ಲಿ ನೀವು ಸಿಗುವುದಿಲ್ಲ ಎಂದು ಮನೆಯವರಿಗೆ ಹೇಳಿ. ಅಂಥ ಹೊತ್ತು ಹೊಂದಿಸಲು ಸಾಧ್ಯವೇ ಇಲ್ಲದ ಮನೆಯಲ್ಲಿ ಓಡಾಟದ 4 ಗಂಟೆ ಕೊಟ್ಟು ತರಗತಿಗೆ ಹೋಗುವುದೇ ಲಾಭ. ಬಾಗಿಲು ಮುಚ್ಚಿದ ಒಂದು ಗಂಟೆಯಾದರೂ ಅಲ್ಲಿ ಖಾತ್ರಿಯಾಗಿ ಸಿಗುತ್ತದೆ.

ಹಂತ 5: ಹಣ ಕಟ್ಟುವ ಮೊದಲು ಒಂದು ವಾರ ಪರೀಕ್ಷಿಸಿಕೊಳ್ಳಿ

ಆನ್‌ಲೈನ್ ತನಗೆ ಹೊಂದುತ್ತದೆಯೇ ಎಂದು ಯೋಚಿಸಿ ತಿಳಿಯಲಾಗದು, ಮಾಡಿಯೇ ನೋಡಬೇಕು. ಅದೇ ವಿಷಯದ ಉಚಿತ ಪಾಠಗಳಲ್ಲಿ ಮೂರನ್ನು ಆರಿಸಿಕೊಳ್ಳಿ. ವಾರದ ಮೂರು ದಿನಗಳನ್ನೂ ವೇಳೆಯನ್ನೂ ಮೊದಲೇ ಗೊತ್ತುಮಾಡಿ. ಪಾಠ ನೋಡಿದ ಮರುದಿನ ಪುಸ್ತಕ, ಟಿಪ್ಪಣಿ ಎಲ್ಲ ಮುಚ್ಚಿ, ಖಾಲಿ ಹಾಳೆಯಲ್ಲಿ 10 ನಿಮಿಷ ನೆನಪಿದ್ದುದನ್ನೆಲ್ಲ ಬರೆಯಿರಿ. ಆಮೇಲೆ ಆ ಪಾಠದ 5 ಪ್ರಶ್ನೆ ಬಿಡಿಸಿ.

ಮೂರೂ ದಿನ ಹೇಳಿದ ವೇಳೆಗೆ ಕೂತು, 15ರಲ್ಲಿ 10ರಷ್ಟು ಪ್ರಶ್ನೆ ಸರಿಯಾದರೆ ರೆಕಾರ್ಡ್ ಪಾಠ ನಿಮಗೆ ಸಾಕು. ಕೂತಿದ್ದು ಸರಿಯಾಗಿ, ಬಿಡಿಸಿದ್ದು ತಪ್ಪಾಗಿದ್ದರೆ ನಿಮಗೆ ಬೇಕಾದದ್ದು ತಿದ್ದುವವರು. ಸಣ್ಣ ಲೈವ್ ಬ್ಯಾಚ್ ಅಥವಾ ತರಗತಿ ನೋಡಿ. ಒಂದು ದಿನ ತಪ್ಪಿ, ಇನ್ನೊಂದು ದಿನ ಮುಂದಕ್ಕೆ ಹೋಗಿದ್ದರೆ ತರಗತಿಗೇ ಹೋಗಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಹೊರಗಿನಿಂದ ಬರುವ ವೇಳಾಪಟ್ಟಿ ಬಹಳ ಜನರಿಗೆ ಬೇಕೇ ಬೇಕು.

ನೋಡುವಾಗ ಎಲ್ಲ ಅರ್ಥವಾಯಿತು ಅನ್ನಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಾವೇ ಬಿಡಿಸುತ್ತ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ನಯವಾದ ಉಪನ್ಯಾಸ ಕೇಳಿದವರದ್ದು ಇದಕ್ಕೆ ವಿರುದ್ಧ. ಚೆನ್ನಾಗಿ ತಯಾರಿಸಿದ ವಿಡಿಯೊ ಪಾಠದಲ್ಲಿ ಈ ಭ್ರಮೆ ಇನ್ನೂ ಸುಲಭವಾಗಿ ಹುಟ್ಟುತ್ತದೆ, ಏಕೆಂದರೆ ಅದರಲ್ಲಿ ತಡವರಿಕೆಯೇ ಇರುವುದಿಲ್ಲ.

ಹಂತ 6: ಆನ್‌ಲೈನ್ ಆದರೆ, ಮನೆಯಲ್ಲಿ ಏನಿರಬೇಕು

ಇಂಟರ್ನೆಟ್ ವೇಗವನ್ನು ಬೆಳಗಿನ ಜಾವ ಪರೀಕ್ಷಿಸಿ ಸಮಾಧಾನಪಡಬೇಡಿ. ಕ್ಲಾಸ್ ನಡೆಯುವ ವೇಳೆಗೇ, ಕೂರುವ ಜಾಗದಲ್ಲೇ, ಮೂರು ದಿನ ಪರೀಕ್ಷಿಸಿ. ಗುಂಪಿನ ವಿಡಿಯೊ ಕರೆಗೆ ಡೌನ್‌ಲೋಡ್ ಮತ್ತು ಅಪ್‌ಲೋಡ್ ಎರಡೂ 3 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಕು. ಇಲ್ಲಿ ಮುಖ್ಯವಾದದ್ದು ಸ್ಥಿರವಾಗಿ ಎಂಬ ಮಾತು. 50 ತೋರಿಸಿ ನಡುನಡುವೆ ಸೊನ್ನೆಗಿಳಿಯುವ ಸಂಪರ್ಕಕ್ಕಿಂತ ಸದಾ 4 ಇರುವುದು ಒಳ್ಳೆಯದು. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ದಾಟಿದರೆ ಮಾತಿಗೆ ಮಾತು ಅಡ್ಡಬರಲು ಶುರುವಾಗುತ್ತದೆ, ಪ್ರಶ್ನೆ ಕೇಳುವವರು ಕ್ರಮೇಣ ಸುಮ್ಮನಾಗುತ್ತಾರೆ. ಡೇಟಾ ಲೆಕ್ಕ: ಗುಂಪಿನ ವಿಡಿಯೊ ಕರೆಗೆ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿ ಆದರೆ 2 ಜಿಬಿ ದಾಟಬಹುದು. ಬರೀ ಧ್ವನಿಗೆ 100 ಎಂಬಿಯೂ ಬೇಡ.

ಕ್ಲಾಸಿನ ನಡುವೆ ಧ್ವನಿ ಕಡಿದರೆ ಈ ಕ್ರಮದಲ್ಲಿ ಹೊರೆ ಇಳಿಸಿ. ಮೊದಲು ನಿಮ್ಮ ಕ್ಯಾಮೆರಾ ಆಫ್ ಮಾಡಿ, ಆಮೇಲೆ ಎಚ್‌ಡಿ ಆಯ್ಕೆ ತೆಗೆಯಿರಿ, ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟ್ ಮತ್ತು ಫೋಟೊ ಬ್ಯಾಕಪ್ ನಿಲ್ಲಿಸಿ. ಆಗಲೂ ಸರಿಹೋಗದಿದ್ದರೆ ವೈಫೈ ಬಿಟ್ಟು ಕೇಬಲ್ ಅಥವಾ ಮೊಬೈಲ್ ಡೇಟಾಗೆ ಬನ್ನಿ. ಚಿತ್ರ ಮಸುಕಾದರೂ ಪಾಠ ಸಾಗುತ್ತದೆ, ಧ್ವನಿ ಕಡಿದರೆ ಇಲ್ಲ. ಅದೇ ಕಾರಣಕ್ಕೆ ಹಣವಿದ್ದರೆ ಮೊದಲು ಮೈಕ್ ಇರುವ ಹೆಡ್‌ಸೆಟ್ ಕೊಳ್ಳಿ, ಕ್ಯಾಮೆರಾ ನಂತರ.

ಫೋನ್ ಕೇಳಲು ಆಗುತ್ತದೆ. ಸ್ಪ್ರೆಡ್‌ಶೀಟ್, ಕೋಡ್, ಚಿತ್ರ ಬರೆಯುವ ಪಾಠಗಳಿಗೆ ಆಗದು. ಕಂಪ್ಯೂಟರ್ ಪರದೆ ಕಣ್ಣಿನಿಂದ ಒಂದು ತೋಳಿನಷ್ಟು ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ. ಲೈವ್ ಕ್ಲಾಸಿನಲ್ಲಿ ನಿಮ್ಮ ಮುಖ ನಿಮಗೇ ಕಾಣದಂತೆ ಮರೆಮಾಡುವ ಆಯ್ಕೆ ಬಳಸಿ. ಗಂಟೆಗಟ್ಟಲೆ ತನ್ನ ಮುಖವನ್ನು ತಾನೇ ನೋಡುತ್ತಿರುವುದೂ ವಿಡಿಯೊ ಕರೆಯ ದಣಿವಿಗೆ ಒಂದು ಕಾರಣ.

ಹಂತ 7: ಸೇರಿದ ಮೇಲೆ ಓದುವ ರೀತಿ

ರೆಕಾರ್ಡ್ ಪಾಠವನ್ನು ಒಂದೇ ಉಸಿರಿಗೆ ನೋಡಬೇಡಿ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ 6 ನಿಮಿಷ ಎಂದು ಕಂಡುಬಂತು. 40 ನಿಮಿಷದ ಪಾಠವನ್ನು ನೀವೇ ಆರೇಳು ತುಂಡು ಮಾಡಿ. ಶಿಕ್ಷಕರು ಉದಾಹರಣೆ ಬರೆದ ತಕ್ಷಣ ನಿಲ್ಲಿಸಿ, ನೀವು ಬಿಡಿಸಿ, ಆಮೇಲೆ ಮುಂದುವರಿಸಿ. ಗೊತ್ತಿರುವ ಭಾಗವನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದರೆ ನಷ್ಟವಿಲ್ಲ. 2 ಪಟ್ಟು ದಾಟಬೇಡಿ, ಅದರಿಂದಾಚೆಗೆ ಗ್ರಹಿಕೆ ಕುಸಿಯುತ್ತದೆ.

ಸಂದೇಹ ಬಂದರೆ ವಿಡಿಯೊದ ನಿಮಿಷ-ಸೆಕೆಂಡ್ ಸಮೇತ ಬರೆದಿಡಿ: "23:40, ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಬಂತು? ನಾನು ಹೀಗೆ ಮಾಡಿದೆ", ಜೊತೆಗೆ ನಿಮ್ಮ ಹಾಳೆಯ ಫೋಟೊ. "ಅರ್ಥವಾಗಲಿಲ್ಲ" ಎಂದಷ್ಟೇ ಕಳಿಸಿದ ಸಂದೇಹಕ್ಕೆ ಅದೇ ಪಾಠದ ಲಿಂಕ್ ಉತ್ತರವಾಗಿ ಬರುತ್ತದೆ.

ಎರಡೂ ರೂಪಕ್ಕೆ ಸಮಾನವಾಗಿ ಬೇಕಾದದ್ದು ನೆನಪಿನಿಂದ ಬರೆಯುವ ಅಭ್ಯಾಸ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಠ್ಯವನ್ನು ಮತ್ತೊಮ್ಮೆ ಓದಿದವರಿಗೆ ಒಂದು ವಾರದ ನಂತರ ಶೇ 42 ನೆನಪಿತ್ತು, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರಿಗೆ ಶೇ 56. ಐದೇ ನಿಮಿಷದ ನಂತರ ಪರೀಕ್ಷಿಸಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು. ಪಾಠದ ಮರುದಿನ, ಮೂರನೇ ದಿನ, ಏಳನೇ ದಿನ ಹತ್ತು ಹತ್ತು ನಿಮಿಷ ಖಾಲಿ ಹಾಳೆಯ ಮುಂದೆ ಕೂರಿ. ರೆಕಾರ್ಡಿಂಗ್ ಕೈಯಲ್ಲಿರುವವರು ಇದನ್ನು ಬಿಟ್ಟು ವಿಡಿಯೊವನ್ನೇ ಮತ್ತೆ ಹಾಕಿಕೊಳ್ಳುತ್ತಾರೆ. ಹೆಚ್ಚು ಸಮಯ ಹಿಡಿದು ಕಡಿಮೆ ಉಳಿಯುವ ದಾರಿ ಅದು.

ತರಗತಿಗೆ ಹೋಗುವವರಿಗೆ ಎರಡೇ ಮಾತು. ಬೇರೆ ಬೇರೆ ಪುಟ ತೆರೆದ ಲ್ಯಾಪ್‌ಟಾಪ್ ಕಾಣುವ ಜಾಗದಲ್ಲಿ ಕೂರಬೇಡಿ. 2013ರ ಪ್ರಯೋಗವೊಂದರಲ್ಲಿ ಇತರರ ಅಂಥ ಪರದೆ ಕಣ್ಣಿಗೆ ಬೀಳುವಂತೆ ಕೂತವರ ಅಂಕ ಶೇ 17ರಷ್ಟು ಕಡಿಮೆ ಬಂದಿತ್ತು. ಹಲಗೆಯ ಮೇಲಿನದನ್ನು ನಕಲು ಮಾಡುವುದರಲ್ಲೇ ಗಂಟೆ ಕಳೆಯಬೇಡಿ. ಫೋಟೊ ತೆಗೆಯಲು ಅನುಮತಿ ಕೇಳಿ, ಕೈಯನ್ನು ಲೆಕ್ಕ ಬಿಡಿಸಲು ಬಿಡಿ.

ಹಂತ 8: ಬಾಕಿ ಬಿದ್ದ ಪಾಠಗಳನ್ನು ನಿಭಾಯಿಸುವುದು

ಆನ್‌ಲೈನ್ ಕಲಿಕೆ ಕೈಬಿಟ್ಟುಹೋಗುವುದು ಬಹುಪಾಲು ಈ ಕಾರಣಕ್ಕೆ. ಒಂದು ಲೈವ್ ಕ್ಲಾಸ್ ತಪ್ಪುತ್ತದೆ, ರೆಕಾರ್ಡಿಂಗ್ ಇದೆಯಲ್ಲ ಎಂದು ಬಿಡುತ್ತೀರಿ. ಮುಂದಿನ ಕ್ಲಾಸ್ ಅರ್ಥವಾಗದು, ಅದನ್ನೂ ರೆಕಾರ್ಡಿಂಗ್‌ನಲ್ಲೇ ನೋಡೋಣ ಎನ್ನಿಸುತ್ತದೆ. ಎರಡು ವಾರದಲ್ಲಿ ಆರು ಪಾಠ ಬಾಕಿ. ಆಮೇಲೆ ಆ್ಯಪ್ ತೆರೆಯಲೇ ಮನಸ್ಸಾಗದು. ತರಗತಿಯಲ್ಲಿ ಪಾಠ ತಪ್ಪಿದರೆ ಅದು ಹೋಯಿತು. ಆ ಕಠಿಣತೆಯೇ ಮುಂದಿನ ದಿನ ಹೋಗುವಂತೆ ಮಾಡುತ್ತದೆ.

ಬಾಕಿ ಬಿದ್ದಾಗ ಮೊದಲಿನಿಂದ ಸಾಲಾಗಿ ನೋಡುತ್ತ ಬರಬೇಡಿ, ಹಾಗೆ ಮಾಡಿದರೆ ಲೈವ್ ಕ್ಲಾಸನ್ನು ಎಂದೂ ಮುಟ್ಟುವುದಿಲ್ಲ. ಇವತ್ತಿನ ಲೈವ್ ಕ್ಲಾಸಿಗೆ ಅರ್ಧ ಅರ್ಥವಾದರೂ ಸರಿ, ಕೂರಿ. ಅದರಲ್ಲಿ ಯಾವ ಹಳೆಯ ವಿಷಯ ಬೇಕಾಯಿತೋ ಅದನ್ನು ಬರೆದುಕೊಂಡು, ಆ ಪಾಠವನ್ನು ಮಾತ್ರ ಅಂದೇ ನೋಡಿ. ಉಳಿದ ಬಾಕಿಯನ್ನು ದಿನಕ್ಕೆ ಒಂದರಂತೆ ತೀರಿಸಿ. ಮೊದಲು ಆ ಪಾಠದ ಪ್ರಶ್ನೆಗಳನ್ನು ಬಿಡಿಸಿ, ಬಂದರೆ ವಿಡಿಯೊ ಬಿಟ್ಟುಬಿಡಿ. ಬಾಕಿ ಪಾಠಗಳು ನಾಲ್ಕನ್ನು ದಾಟಿದರೆ ಶಿಕ್ಷಕರಿಗೆ ತಿಳಿಸಿ, ಯಾವ ಎರಡನ್ನು ತಪ್ಪದೆ ನೋಡಬೇಕು ಎಂದು ಕೇಳಿ. ಪಠ್ಯಕ್ರಮ ಬಲ್ಲವರು ಒಂದು ನಿಮಿಷದಲ್ಲಿ ಹೇಳುತ್ತಾರೆ.

ಮೂರು ನಾಲ್ಕು ಸಹಪಾಠಿಗಳು ವಾರಕ್ಕೊಮ್ಮೆ 45 ನಿಮಿಷ ಸೇರಿ ಪರಸ್ಪರರ ಹಾಳೆ ತಿದ್ದುವುದು ಆನ್‌ಲೈನ್ ಕಲಿಯುವವರಿಗೆ ಬಲು ದೊಡ್ಡ ಆಸರೆ. ಆರು ಜನ ಆದರೆ ಇಬ್ಬರು ಕೇಳುಗರಾಗುತ್ತಾರೆ.

ಹಂತ 9: ಬೆರಕೆ ಕ್ರಮ ಮತ್ತು ಮಕ್ಕಳ ವಿಷಯ

ವಿವರಣೆಯನ್ನು ಮನೆಯಲ್ಲಿ ವಿಡಿಯೊದಲ್ಲಿ ಕೇಳಿ, ಬಿಡಿಸುವ ಕೆಲಸವನ್ನು ಶಿಕ್ಷಕರ ಎದುರು ಮಾಡುವುದು ಎರಡರ ಬಲವನ್ನೂ ಕೂಡಿಸುತ್ತದೆ. ಇದು ಕೆಡುವುದು ಒಂದೇ ರೀತಿಯಲ್ಲಿ: ಅರ್ಧ ಜನ ವಿಡಿಯೊ ನೋಡದೆ ಬರುತ್ತಾರೆ, ಶಿಕ್ಷಕರು ಪಾಠವನ್ನು ಮತ್ತೆ ಹೇಳುತ್ತಾರೆ, ನೋಡಿ ಬಂದವರೂ ಮುಂದಿನ ವಾರ ನೋಡುವುದನ್ನು ನಿಲ್ಲಿಸುತ್ತಾರೆ. ಬಾಗಿಲಲ್ಲೇ ಮೂರು ಪ್ರಶ್ನೆಗಳ ಚೀಟಿ ಕೊಟ್ಟು, ನೋಡದೆ ಬಂದವರನ್ನು ಹಿಂದಿನ ಬೆಂಚಿನಲ್ಲಿ ಹೆಡ್‌ಫೋನ್ ಹಾಕಿ ವಿಡಿಯೊ ನೋಡಲು ಕೂರಿಸಿ, ಉಳಿದವರೊಂದಿಗೆ ಕೆಲಸ ಮುಂದುವರಿಸುವ ಶಿಕ್ಷಕರಲ್ಲಿ ಈ ಕ್ರಮ ನಿಲ್ಲುತ್ತದೆ. ವಿಡಿಯೊ 15 ನಿಮಿಷ ಮೀರಬಾರದು.

ಓದು-ಬರಹ ಇನ್ನೂ ಕೂಡಿಬರದ ಚಿಕ್ಕ ಮಕ್ಕಳಿಗೆ ಪೂರ್ತಿ ಆನ್‌ಲೈನ್ ಶಾಲೆ ಸೂಕ್ತವಲ್ಲ. ಪೆನ್ಸಿಲ್ ಹಿಡಿಯುವುದು, ಸರದಿ ಕಾಯುವುದು, ಜೊತೆಯವರೊಂದಿಗೆ ಜಗಳವಾಡಿ ರಾಜಿಯಾಗುವುದು ಆ ವಯಸ್ಸಿನ ಪಠ್ಯಕ್ರಮವೇ ಆಗಿದೆ. ಅನಿವಾರ್ಯವಾದರೆ ಪಾಠ ಒಂದು ಸಲಕ್ಕೆ 15ರಿಂದ 20 ನಿಮಿಷ ಇರಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ಕೂರಬೇಕು. ಕಿವಿ ಮಂದವಿರುವ ವಿದ್ಯಾರ್ಥಿಗಳಿಗೆ ಕ್ಯಾಪ್ಷನ್ ಇರುವ ವಿಡಿಯೊ ದೊಡ್ಡ ಸಹಾಯ. ಆದರೆ ತಾನೇ ಮೂಡುವ ಕ್ಯಾಪ್ಷನ್ ಪಾರಿಭಾಷಿಕ ಪದಗಳಲ್ಲೇ ಹೆಚ್ಚು ತಪ್ಪುತ್ತದೆ, ಆದ್ದರಿಂದ ಪಾಠದ ಟಿಪ್ಪಣಿಯನ್ನು ಮೊದಲೇ ಕೊಡುವಂತೆ ಕೇಳಿ.

ಹಂತ 10: ನಾಲ್ಕನೇ ವಾರ ತಿರುಗಿ ನೋಡಿ, ಬೇಕಾದರೆ ಬದಲಿಸಿ

ಸೇರುವಾಗಲೇ ಶುಲ್ಕ ಹಿಂದಿರುಗಿಸುವ ಗಡುವು, ರೆಕಾರ್ಡಿಂಗ್ ಎಷ್ಟು ತಿಂಗಳು ಸಿಗುತ್ತದೆ, ಪರೀಕ್ಷೆ ಎಲ್ಲಿ ನಡೆಯುತ್ತದೆ, ಪ್ರಮಾಣಪತ್ರಕ್ಕೆ ನೀವು ಮುಂದೆ ಹೋಗಬೇಕೆಂದಿರುವ ಕಡೆ ಮಾನ್ಯತೆ ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಮನೆಯಿಂದಲೇ ಪರೀಕ್ಷೆಯಾದರೆ ಕ್ಯಾಮೆರಾ ಮತ್ತು ಕೊಠಡಿಯ ಷರತ್ತುಗಳನ್ನು ಕೇಳಿ, ಅಣಕು ಪರೀಕ್ಷೆಯನ್ನು ಅದೇ ಕಂಪ್ಯೂಟರಿನಲ್ಲಿ ಒಮ್ಮೆ ಬರೆಯಿರಿ.

ನಾಲ್ಕನೇ ವಾರದ ಕೊನೆಗೆ, ಅಥವಾ ಗಡುವು ಅದಕ್ಕೂ ಮೊದಲಿದ್ದರೆ ಅದರ ಎರಡು ದಿನ ಮುಂಚೆ, ಮೂರು ಲೆಕ್ಕ ನೋಡಿ: ಎಷ್ಟು ಪಾಠ ಬಾಕಿ ಇದೆ, ಎಷ್ಟು ಅಸೈನ್‌ಮೆಂಟ್ ಗುರುತು ಹಾಕಿ ವಾಪಸ್ ಬಂದಿದೆ, ಮೊದಲ ವಾರದ ಪ್ರಶ್ನೆಗಳಲ್ಲಿ ಎಷ್ಟನ್ನು ಈಗ ಪುಸ್ತಕ ನೋಡದೆ ಬಿಡಿಸಬಲ್ಲಿರಿ. ಬಾಕಿ ನಾಲ್ಕಕ್ಕಿಂತ ಹೆಚ್ಚಿದ್ದು, ಹಳೆಯ ಪ್ರಶ್ನೆಗಳಲ್ಲಿ ಅರ್ಧವೂ ಬರದಿದ್ದರೆ ಬದಲಿಸಿ. ತಿದ್ದಿದ ಹಾಳೆ ಒಂದೂ ಬಂದಿಲ್ಲವಾದರೆ ಉಳಿದ ಎರಡು ಲೆಕ್ಕ ಹೇಗಿದ್ದರೂ ಬದಲಿಸಿ.

ಬದಲಿಸುವಾಗ ಹೊಸ ಕಡೆಯ ಪಾಠಗಳ ಅನುಕ್ರಮವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಒಂದೇ ಪಠ್ಯಕ್ರಮವಾದರೂ ಪಾಠದ ಸರದಿ ಬೇರೆ ಇರುತ್ತದೆ. ಅಲ್ಲಿ ಮುಗಿದು ನಿಮಗೆ ಆಗಿರದ ಪಾಠಗಳೇ ಮೊದಲ ಎರಡು ವಾರದ ಹೆಚ್ಚುವರಿ ಕೆಲಸ. ಆ ಬ್ಯಾಚಿನ ಕಳೆದ ಮೂರು ವಾರಗಳ ಅಸೈನ್‌ಮೆಂಟ್ ಕೇಳಿ ಪಡೆದು, ಸೇರುವ ಮೊದಲೇ ಅವುಗಳಲ್ಲಿ ಒಂದನ್ನು ಬಿಡಿಸಿ ಹೊಸ ಶಿಕ್ಷಕರಿಗೆ ಕೊಡಿ. ಅದು ಎಷ್ಟು ದಿನಕ್ಕೆ, ಹೇಗೆ ತಿದ್ದಿ ಬರುತ್ತದೆ ಎಂದು ನೋಡಿಕೊಂಡೇ ಶುಲ್ಕ ಕಟ್ಟಿ.